ಎಂಎಸ್ ಇರುವ ತಂಗಿಗೆ ಅಂಗಡಿ ಲೆಕ್ಕ ತಪ್ಪುತ್ತಿದೆ: ಪ್ರತಿಕ್ರಿಯೆ

ವಿಜಯಪುರದಲ್ಲಿರುವ ನಿಮ್ಮ ತಂಗಿಗೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್) ಇದೆ, ಬೆಳಿಗ್ಗೆ ಸರಿ ಇರುವ ಅಂಗಡಿ ಲೆಕ್ಕ ಮಧ್ಯಾಹ್ನ ತಪ್ಪುತ್ತದೆ, ಮಾತಾಡುವಾಗ ಪದವೂ ಹುಡುಕುತ್ತಾಳೆ ಅಂತ ಬರೆದಿದ್ದೀರಿ. ಇದು ಬರೀ ಮರೆವಲ್ಲ, ಬಹುಶಃ ಮಿದುಳಿನ ವೇಗ ತಗ್ಗಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನರದ ಮೇಲಿನ ಮೈಲಿನ್ ಪೊರೆ ಹಾಳಾಗಿ ಸಂದೇಶ ತಡವಾಗಿ ಮುಟ್ಟುತ್ತದೆ. ಮೈ ಬಿಸಿಯಾದರೆ ಇನ್ನೂ ನಿಧಾನ. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಲ್ವಾ? ಬೆಳಿಗ್ಗೆ ಸರಿ ಇದ್ದ ಲೆಕ್ಕ ಮಧ್ಯಾಹ್ನ ತಪ್ಪುವುದು ಅದಕ್ಕೇ ಇರಬಹುದು.

ಮೊದಲು ನರರೋಗ ವೈದ್ಯರಿಗೆ ಹೇಳಿ, ಮಿದುಳಿನ ವೇಗ ಅಳೆಯುವ ಎಸ್‌ಡಿಎಂಟಿ ಪರೀಕ್ಷೆ ಕೇಳಿ. ಚಿಹ್ನೆಗೆ ಅಂಕಿ ಹೊಂದಿಸುವುದು, 90 ಸೆಕೆಂಡು ಅಷ್ಟೇ. ಜೊತೆಗೆ ಬಿ12, ಥೈರಾಯ್ಡ್ ನೋಡಿಸಿ. ನಿದ್ದೆಗೇಡು, ಖಿನ್ನತೆ, ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಯಾವುದು ಅಂತ ಇಲ್ಲಿಂದ ಹೇಳಲಾರೆ. ಮಾತ್ರೆ ನೀವೇ ನಿಲ್ಲಿಸಬೇಡಿ.

ಆಮೇಲೆ ಲೆಕ್ಕದ ಕೆಲಸ ಬೆಳಿಗ್ಗೆ ತಂಪಿನಲ್ಲೇ ಮುಗಿಸಲಿ, ಆಗ ಫೋನು, ಟಿವಿ ಬಂದ್. ಇದೇ ತೊಂದರೆಯ ನಮ್ಮ ಅಕ್ಕನಿಗೆ ಒಂದೇ ಉದ್ದನೆಯ ಪುಸ್ತಕ ಮಾಡಿ ಗಲ್ಲಾಪೆಟ್ಟಿಗೆಗೆ ದಾರ ಕಟ್ಟಿಟ್ಟೆವು. ಉದ್ರಿ, ಮಾತ್ರೆ, ಗ್ಯಾಸ್ ಬುಕಿಂಗ್ ಎಲ್ಲಾ ಅದರಲ್ಲೇ. ಹತ್ತು ಚೀಟಿ ಇದ್ದಾಗ ಚೀಟಿ ಹುಡುಕುವುದೇ ಅವಳಿಗೆ ಕೆಲಸವಾಗಿತ್ತು. ತಂಗಿ ಪದ ಹುಡುಕುವಾಗ ಸುಮ್ನೆ ಕಾಯಿರಿ, ನೀವೇ ಮಾತು ಮುಗಿಸಬೇಡಿ. ಅವಳ ಬುದ್ಧಿ ಎಲ್ಲೂ ಹೋಗಿಲ್ಲ.

ಒಂದೆರಡು ದಿನದಲ್ಲಿ ಏಕಾಏಕಿ ಜಾಸ್ತಿಯಾದರೆ, ಜ್ವರ ಅಥವಾ ಉರಿಮೂತ್ರ ಇದ್ದರೆ, ಅದೇ ದಿನ ತೋರಿಸಿ.