ಮಣ್ಣಿನ ಗೋಡೆಯ ಮನೆಗೆ ಹೊಸ ಕೋಣೆ ಸೇರಿಸಬಹುದಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಅಜ್ಜ ಕಟ್ಟಿಸಿದ ಹಂಚಿನ ಮನೆಯಲ್ಲಿದ್ದೇವೆ. ಮಣ್ಣಿನ ಗೋಡೆ, ಸುಮಾರು 70 ವರ್ಷ ಹಳೆಯದು. ಅಪ್ಪ, ಅಮ್ಮ, ನಾವಿಬ್ಬರು, ಎರಡು ಮಕ್ಕಳು. ಬಚ್ಚಲು, ಟಾಯ್ಲೆಟ್ ಎರಡೂ ಹಿತ್ತಲಲ್ಲಿವೆ. ಅಡುಗೆಮನೆ ಕತ್ತಲು, ನಡುಗೋಡೆ ಒಡೆಸೋಣ ಅಂತಿದ್ದೇವೆ. ಹೊರಗೋಡೆಗೆ ಮಾಡಿಸಿದ ಸಿಮೆಂಟ್ ಗಾರೆ ಬುಡದಲ್ಲಿ ಉದುರುತ್ತಿದೆ. ಪೂರ್ತಿ ಕೆಡವಿ ಆರ್‌ಸಿಸಿ ಕಟ್ಟಿ ಅಂತಾರೆ ಮೇಸ್ತ್ರಿ. ಏನು ಮಾಡಲಿ?

ಉತ್ತರ: ಮಾಡು (ಛಾವಣಿ) ಪರೀಕ್ಷೆ ಮಾಡದೆ ದಯವಿಟ್ಟು ಮನೆ ಕೆಡವಬೇಡಿ. ಸೂರಿನ ಹತ್ತಿರ ನಾಲ್ಕು ಹಂಚು ಸರಿಸಿ, ಪಕಾಸಿ (ಹಂಚು ಹೊರುವ ಇಳಿಜಾರು ಮರ) ಗೋಡೆ ಮೇಲೆ ಕೂರುವ ಕಡೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗಟ್ಟಿಯಾಗಿ ತಡೆದರೆ ಮರ ಚೆನ್ನಾಗಿದೆ. ಸಲೀಸಾಗಿ ಒಳಗಿಳಿದು ಪುಡಿ ಉದುರಿದರೆ ಹುಳ ತಿಂದಿದೆ ಇಲ್ಲವೇ ಮರ ಕೊಳೆತಿದೆ, ಆ ಪಕಾಸಿ ಮಾತ್ರ ಬದಲಾಯಿಸಿ. ಹಂಚನ್ನು ಬೆರಳ ಗೆಣ್ಣಿಂದ ಬಡಿದು ನೋಡಿ, ಠಣ್ ಎಂದರೆ ಉಳಿಸಿಕೊಳ್ಳಿ. ಹೊಸ ಹಂಚು ಹಳೆಯದರ ಕಚ್ಚಿಗೆ ಸರಿಯಾಗಿ ಕೂರದೇ ಇರಬಹುದು. ಹಾಗಾಗಿ ಹಳೆಯದೆಲ್ಲ ಒಂದು ಇಳಿಜಾರಿಗೆ, ಹೊಸದೆಲ್ಲ ಇನ್ನೊಂದಕ್ಕೆ ಹಾಕಿಸಿ. ಹಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿದ್ದರೆ ಮಕ್ಕಳಿಗೂ ತೋರಿಸಿ. ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಕಸುಬು ಅದು.

ಗಾರೆ ಉದುರುವುದಕ್ಕೆ ಕಾರಣ ಸಿಮೆಂಟೇ. ಮಣ್ಣಿನ ಗೋಡೆ ನೆಲದ ತೇವ ಎಳೆದುಕೊಂಡು ಗಾಳಿಗೆ ಬಿಡುತ್ತಿರುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಕೂತು ಮಣ್ಣು ಮೆತ್ತಗಾಗುತ್ತದೆ, ಉಪ್ಪು ಬಿಳಿಯಾಗಿ ಏಳುತ್ತದೆ. ಇನ್ನೊಂದು ಪದರ ಬಳಿದರೆ ಸಮಸ್ಯೆ ಜಾಸ್ತಿಯೇ ಆಗುತ್ತದೆ. ಜೋರಾಗಿ ಬಡಿಯದೆ ಸಿಮೆಂಟ್ ಕೀಳಿಸಿ, ಸುಣ್ಣ–ಮರಳಿನ ಗಾರೆ ಮಾಡಿಸಿ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರಿನಲ್ಲಿ ಕಲಸುವ ಹಳೇ ಪದ್ಧತಿ ಗೊತ್ತಿರುವವರು ಸಿಕ್ಕರೆ ಬಿಡಬೇಡಿ. ಮೇಲೆ ಸುಣ್ಣವೇ ಬಳಿಸಿ, ಪ್ಲಾಸ್ಟಿಕ್ ಪೇಂಟ್ ಬೇಡ.

ಬಚ್ಚಲು, ಟಾಯ್ಲೆಟ್, ಮಕ್ಕಳ ಕೋಣೆ ಹಿಂದುಗಡೆ ಹೊಸದಾಗಿ ಬರಲಿ. ಆದರೆ ಹಳೇ ಗೋಡೆಗೆ ಅಂಟಿಸಿ ಕಟ್ಟಬೇಡಿ. ಹಳೇ ಮನೆಯ ಪಾಯ ಕೂತು ಎಷ್ಟೋ ವರ್ಷ ಆಯ್ತು, ಹೊಸದು ಇನ್ನೂ ಕೂರಬೇಕು. ಎರಡನ್ನೂ ಬೆಸೆದರೆ ಆ ಜಾಗದಲ್ಲೇ ಬಿರುಕು ಬಿಡುತ್ತದೆ. ಹಳೇ ಗೋಡೆಯ ಬುಡ ಅಗೆಯುವುದಂತೂ ಅಪಾಯ. ನಾಲ್ಕೈದು ಅಡಿ ದೂರ ಕಟ್ಟಿ, ನಡುವೆ ಸಣ್ಣ ಓಣಿ ಕೊಡಿ. ಓಣಿ ಹಳೇ ಗೋಡೆಗೆ ಸೇರುವಲ್ಲಿ ಒಂದು ಇಂಚು ಸಂದು ಬಿಟ್ಟು, ಮೇಲೆ ತಗಡು ಮುಚ್ಚಿಸಿ. ಎರಡೂ ಸೂರಿನ ನೀರು ಓಣಿಯ ಮೇಲೇ ಬೀಳುತ್ತದೆ ಅಲ್ವಾ, ಅಲ್ಲಿ ನೀರು ಹಿಡಿದು ಹರಿಸುವ ಅಗಲವಾದ ತಗಡಿನ ದೋಣಿ ಬೇಕೇ ಬೇಕು. ಅಪ್ಪ ಅಮ್ಮ ರಾತ್ರಿ ಎದ್ದು ಓಡಾಡುವ ದಾರಿ ಅದು, ನೆಲ ಒಂದೇ ಮಟ್ಟದಲ್ಲಿರಲಿ, ಮೆಟ್ಟಿಲು ಬೇಡ.

ಅಡುಗೆಮನೆ ಬೆಳಕಿಗೆ ನಡುಗೋಡೆ ಒಡೆಯಬೇಡಿ, ಮಾಡಿನ ಭಾರ ಅದರ ಮೇಲೂ ಇರಬಹುದು. ಮೂರ್ನಾಲ್ಕು ಗಾಜಿನ ಹಂಚು ಹಾಕಿಸಿ ನೋಡಿ. ವೈರಿಂಗ್ ಮಾತ್ರ ಪೂರ್ತಿ ಹೊಸದು, ಅರ್ತಿಂಗ್ ಸಮೇತ.

ಮಾಡಿನ ಕೆಲಸ ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಹಿಡಿಯಿರಿ. ಆಗಲೇ ಗೋಡೆಯ ಸಿಮೆಂಟೂ ಕೀಳಿಸಿ, ಎರಡು ತಿಂಗಳಾದರೂ ಹಾಗೇ ಒಣಗಲು ಬಿಡಿ. ಸುಣ್ಣದ ಗಾರೆ ಆಮೇಲೆ.