ಮನೆಯಲ್ಲೇ ಗಾಡಿ ರಿಪೇರಿ ಮಾಡಲು ಯಾವ ಟೂಲ್ಸ್ ಕೊಳ್ಳಬೇಕು?

ನೂರೈವತ್ತು ಪೀಸಿನ ದೊಡ್ಡ ಸೆಟ್ ಕೊಳ್ಳಬೇಕಾ, ಬಿಡಿಬಿಡಿಯಾಗಿ ಕೊಳ್ಳಬೇಕಾ ಎಂದು ಕೇಳಿದ್ದೀರಿ. ಬಿಡಿಯಾಗಿಯೇ ಕೊಳ್ಳಿ. ದೊಡ್ಡ ಸೆಟ್ಟಿನಲ್ಲಿ ಎಷ್ಟೋ ಪೀಸುಗಳು ಸುಮ್ನೆ ಬಿದ್ದಿರುತ್ತವೆ.

ಮೆಟ್ರಿಕ್ ನಟ್ ಬೋಲ್ಟ್ ಇರುವ ಗಾಡಿಯಾದರೆ 8, 10, 12, 13, 14, 17, 19 ಮಿ.ಮೀ. ಸ್ಪ್ಯಾನರ್ ಮತ್ತು ಸಾಕೆಟ್‌ಗಳಲ್ಲೇ (ಬೋಲ್ಟಿನ ತಲೆಯ ಮೇಲೆ ಟೋಪಿಯಂತೆ ಕೂರುವ ಟೂಲ್) ಹೆಚ್ಚಿನ ಕೆಲಸ ಮುಗಿಯುತ್ತದೆ. 10ರದ್ದು ಎರಡು ಇರಲಿ. ಮೊದಲು ಕಳೆದುಹೋಗುವುದು ಅದೇ!

ಸಾಕೆಟ್ ಆರಿಸುವಾಗ ಒಳಗಡೆ ಎಷ್ಟು ಮೂಲೆ ಇವೆ ನೋಡಿ. 12 ಮೂಲೆಯದು ಇಕ್ಕಟ್ಟಿನ ಜಾಗದಲ್ಲಿ ಬೇಗ ಕೂರುತ್ತದೆ, ನಿಜ. ಆದರೆ ತುಕ್ಕು ಹಿಡಿದ ಬೋಲ್ಟಿಗೆ 6 ಮೂಲೆಯದೇ ಸರಿ. ಅದು ಬೋಲ್ಟಿನ ತಲೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಜಾರುವುದು ಕಡಿಮೆ. ಒಮ್ಮೆ ಬೋಲ್ಟಿನ ಮೂಲೆ ಸವೆಯಿತೋ, ಹತ್ತು ನಿಮಿಷದ ಕೆಲಸ ಇಡೀ ದಿನ ತಿನ್ನುತ್ತದೆ. ಇದೇ ಕಾರಣಕ್ಕೆ ಬಿಗಿ ಬೋಲ್ಟಿಗೆ ನಾನು ಅಡ್ಜಸ್ಟಬಲ್ ಸ್ಪ್ಯಾನರ್ ಮುಟ್ಟಿಸುವುದೇ ಇಲ್ಲ.

ಜಪಾನೀ ಬೈಕುಗಳ ಪ್ಲಸ್ ಸ್ಕ್ರೂಗಳು ಫಿಲಿಪ್ಸ್ (ಮಾಮೂಲಿ ಪ್ಲಸ್ ಸ್ಕ್ರೂ) ಥರವೇ ಕಾಣುತ್ತವೆ, ಅಲ್ವಾ? ಅವುಗಳಲ್ಲಿ ಹಲವು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಮಾದರಿಯವು. ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಜಾರಿ ಸ್ಕ್ರೂ ತಲೆ ಹಾಳಾಗುತ್ತದೆ. ಜೆಐಎಸ್ ಸ್ಕ್ರೂಡ್ರೈವರ್ ಒಂದಿರಲಿ.

ಚಕ್ರದ ನಟ್, ಸ್ಪಾರ್ಕ್ ಪ್ಲಗ್ ಬಿಗಿ ಮಾಡಲು ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್) ಬೇಕು. ಎಷ್ಟು ಬಿಗಿ ಎಂಬುದು ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತದೆ. ಟಾರ್ಕ್ ವ್ರೆಂಚಿನಿಂದ ಬೋಲ್ಟ್ ಬಿಚ್ಚಲು ಹೋಗಬೇಡಿ, ಅದರ ಅಳತೆ ತಪ್ಪಿಹೋಗಬಹುದು.

ಕಾರಿನ ಕೆಳಗೆ ನುಗ್ಗುವ ಕೆಲಸವಿದ್ದರೆ ಜಾಕ್ ಒಂದನ್ನೇ ನಂಬಬೇಡಿ. ಎತ್ತಿದ ಕಾರಿಗೆ ಆಸರೆಯಾಗಿ ನಿಲ್ಲುವ ಜಾಕ್ ಸ್ಟ್ಯಾಂಡ್ ಕೊಟ್ಟ ಮೇಲೇ ನುಗ್ಗಿ.