9ನೇ ಕ್ಲಾಸಿನ ಮಗಳಿಗೆ ಕನ್ನಡದಲ್ಲಿ ಯಾವ ಕಾದಂಬರಿ ಕೊಡಲಿ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಲ್ಲಿದ್ದೀರಿ, ಮಗಳಿಗೆ 14 ವರ್ಷ, ಓದುವುದು ಇಂಗ್ಲಿಷ್ ಮೀಡಿಯಂ. ಇಂಗ್ಲಿಷಿನ ದಪ್ಪ ದಪ್ಪ ಪುಸ್ತಕಗಳನ್ನು ಎರಡೇ ದಿನಕ್ಕೆ ಮುಗಿಸುತ್ತಾಳೆ. ಕನ್ನಡ ಓದಲು ಬರುತ್ತದೆ, ಆದರೆ ನಿಧಾನ. ಮಕ್ಕಳ ಕತೆ ಕೊಟ್ಟರೆ 'ನಾನೇನು ಪಾಪುನಾ?' ಅನ್ನುತ್ತಾಳೆ, ದೊಡ್ಡವರ ಕಾದಂಬರಿ ಕೊಟ್ಟರೆ ಬೋರ್ ಅನ್ನುತ್ತಾಳೆ. ಅವಳ ವಯಸ್ಸಿನವರಿಗೆ ಅಂತಲೇ ಬರೆದದ್ದು ಕನ್ನಡದಲ್ಲಿ ಏನಿದೆ?

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನಮ್ಮ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿರುವ ಎರಡು ಕಬ್ಬಿಣದ ಬೀರು, ಒಂದು ಉದ್ದದ ರಿಜಿಸ್ಟರು. ಬೀರುವಿನ ಕೀಲಿ ನನ್ನ ಹತ್ತಿರ ಇರುತ್ತದೆ. ಹಾಗಾಗಿ ಯಾವ ಪುಸ್ತಕ ಎಷ್ಟು ದಿನಕ್ಕೆ ವಾಪಸ್ ಬಂತು, ಯಾವುದು ಅರ್ಧಕ್ಕೇ ಬಂತು ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಮೊದಲು ನೇರ ಉತ್ತರ ಹೇಳುತ್ತೇನೆ. ಇಂಗ್ಲಿಷ್ ಅಂಗಡಿಗಳಲ್ಲಿ ಹದಿಹರೆಯದವರಿಗೆ ಬೇರೆ ಕಪಾಟೇ ಇರುತ್ತದಲ್ಲ, ಆ ಥರದ ಕಪಾಟು ಕನ್ನಡದಲ್ಲಿ ತುಂಬಾ ಚಿಕ್ಕದು. ಮಕ್ಕಳ ಪುಸ್ತಕ ಮುಗಿದ ಮೇಲೆ ನಮ್ಮವರು ಸೀದಾ ದೊಡ್ಡವರ ಕಪಾಟಿಗೇ ಕೈ ಹಾಕುತ್ತಾ ಬಂದಿದ್ದಾರೆ. ನಾನೂ ಹಾಗೇ ಬೆಳೆದವನು. ಆದ್ದರಿಂದ ವಯಸ್ಸಿನ ಚೀಟಿ ಅಂಟಿಸಿದ ಪುಸ್ತಕ ಹುಡುಕುತ್ತಾ ಕೂರಬೇಡಿ. ನಿಮ್ಮ ಮಗಳ ಕಣ್ಣಿಗೆ ಕನ್ನಡ ನಿಧಾನ, ಕಿವಿಗೆ ನಿಧಾನವೇನಲ್ಲ. ಮನೆಯಲ್ಲಿ ದಿನವಿಡೀ ಕೇಳುತ್ತಾಳಲ್ವಾ? ಓದುವಾಗ ಯಾರೋ ಎದುರಿಗೆ ಕೂತು ಮಾತಾಡಿದ ಹಾಗೆ ಕೇಳಿಸುವ ಪುಸ್ತಕ ಬೇಕು, ಮತ್ತೆ ಅದು ತೆಳ್ಳಗಿರಬೇಕು. ತೆಳ್ಳಗಿರಬೇಕು ಅನ್ನುವುದನ್ನು ನಾನು ಪೆಟ್ಟು ತಿಂದು ಕಲಿತೆ. ಒಮ್ಮೆ ಒಬ್ಬ ಜಾಣ ಹುಡುಗಿಗೆ ಉತ್ಸಾಹದಲ್ಲಿ ಕುವೆಂಪು ಅವರ ದಪ್ಪ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಕೊಟ್ಟೆ. ಮೂರು ವಾರ ಬಿಟ್ಟು ತಂದುಕೊಟ್ಟಳು. ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ 11ನೇ ಪುಟದಲ್ಲೇ ಇತ್ತು. ಆಮೇಲೆ ಆರು ತಿಂಗಳು ಅವಳು ಬೀರುವಿನ ಹತ್ತಿರ ಸುಳಿಯಲಿಲ್ಲ.

ನಿಮ್ಮ ಮಗಳಿಗೆ ನಾನಾಗಿದ್ದರೆ ಮೊದಲು ಕಾದಂಬರಿಯನ್ನೇ ಕೊಡುತ್ತಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಕೊಡುತ್ತಿದ್ದೆ. ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ತೇಜಸ್ವಿ ತಮ್ಮದೇ ಕನ್ನಡಕ್ಕೆ ತಂದದ್ದು, ನಾಲ್ಕು ಭಾಗ ಇವೆ. ಒಂದರ ಹೆಸರು 'ಜಾಲಹಳ್ಳಿಯ ಕುರ್ಕ'. ಕುರ್ಕ ಅಂದರೆ ಚಿರತೆ. ಜಾಲಹಳ್ಳಿ ಅಂದರೆ ಈಗ ಮೆಟ್ರೋ ಸ್ಟೇಷನ್ ಇರುವ ಅದೇ ಜಾಲಹಳ್ಳಿ! ಹಸಿರು ಲೈನಿನಲ್ಲಿ ಹೋಗುವಾಗ 'ಇಲ್ಲೇ ಚಿರತೆ ಜನರ ಮೇಲೆ ಬೀಳುತ್ತಿತ್ತಂತೆ' ಅಂತ ಒಂದು ಮಾತು ಹಾಕಿ ಸುಮ್ನೆ ಇದ್ದುಬಿಡಿ. ಬಿಡಿ ಕತೆಗಳಾದ್ದರಿಂದ ಒಂದು ಮುಗಿಸಿದರೂ ಏನೋ ಮುಗಿಸಿದ ಖುಷಿ ಇರುತ್ತದೆ. ನಿಧಾನ ಓದುವವರಿಗೆ ಇದು ದೊಡ್ಡ ವಿಷಯ.

ಅದು ಹಿಡಿಸಿದರೆ ತೇಜಸ್ವಿಯವರದೇ 'ಕರ್ವಾಲೋ'. 1980ರ ಕಾದಂಬರಿ, ನನ್ನ ರಿಜಿಸ್ಟರಿನಲ್ಲಿ ಅತಿ ಹೆಚ್ಚು ಸಲ ಬರೆದಿರುವ ಹೆಸರು ಇದೇ. ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಜೇನುತುಪ್ಪದ ಮಾತಿನಿಂದ ಶುರುವಾಗುತ್ತದೆ. ದೊಡ್ಡ ವಿಜ್ಞಾನಿ ಕರ್ವಾಲೋ. ಊರವರೆಲ್ಲ ಕೆಲಸಕ್ಕೆ ಬಾರದವನು ಅನ್ನುವ ಮಂದಣ್ಣ. ಆದರೆ ವಿಜ್ಞಾನಿಗೆ ಬೇಕಾದ್ದು ಆ ಮಂದಣ್ಣನ ಕಣ್ಣೇ. ಇವರ ಜೊತೆಗೆ ಬಿರಿಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ. ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ನುಗ್ಗುತ್ತಾರೆ. ಮಾರ್ಕ್ಸ್ ಕಡಿಮೆ ಬರುವ ಹುಡುಗರು ಈ ಪುಸ್ತಕವನ್ನು ಯಾಕೆ ಅಷ್ಟು ಹಚ್ಚಿಕೊಳ್ಳುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಮಂದಣ್ಣ ಇದ್ದಾನಲ್ಲ.

ಇದರಲ್ಲಿ ಒಂದು ಮಜಾ ಇದೆ. ಜಾಸ್ತಿ ಮಕ್ಕಳು ಹಾರುವ ಓತಿ ಬರೀ ಕಲ್ಪನೆ ಅಂದುಕೊಂಡೇ ಓದುತ್ತಾರೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಓಡಿ ಬಂದ. ಅಜ್ಜನ ಅಡಿಕೆ ತೋಟದಲ್ಲಿ ಮಾಮನ ಫೋನಿನಲ್ಲಿ ತೆಗೆದ ವಿಡಿಯೋ ಇತ್ತು ಅವನ ಹತ್ತಿರ. ಅಡಿಕೆ ಮರದ ತೊಗಟೆಯದೇ ಬಣ್ಣದ ಸಣ್ಣ ಓತಿ, ಗಂಟಲ ಕೆಳಗೆ ಹಳದಿ ಚೀಲ ಬಿಚ್ಚಿ ಬಿಚ್ಚಿ ಮುಚ್ಚುತ್ತಿತ್ತು. ಇದ್ದಕ್ಕಿದ್ದಂತೆ ಪಕ್ಕೆಯ ಚರ್ಮ ಅಗಲಿಸಿ ಪಕ್ಕದ ಮರಕ್ಕೆ ತೇಲಿತು. 'ಸಾರ್, ಇದು ನಿಜವಾಗ್ಲೂ ಇದೆ ಸಾರ್!' ಅವನ ಕೈ ನಡುಗುತ್ತಿತ್ತು. ಅವತ್ತಿನ ವ್ಯಾಕರಣದ ಪೀರಿಯಡ್ ಪೂರ್ತಿ ಓತಿಗೇ ಹೋಯಿತು. ಪಶ್ಚಿಮ ಘಟ್ಟದ ತೋಟಗಳಲ್ಲಿ ಅದು ಈಗಲೂ ಇದೆ, ನೋಡುವ ಕಣ್ಣು ಬೇಕು ಅಷ್ಟೇ.

ಥ್ರಿಲ್ಲರ್ ಬೇಕು ಅಂದರೆ ತೇಜಸ್ವಿಯವರ 'ಜುಗಾರಿ ಕ್ರಾಸ್' ಇದೆ. ಏಲಕ್ಕಿ ಬೆಳೆಯುವ ಒಂದು ಎಳೆ ಜೋಡಿ ಒಂದು ದಿನದೊಳಗೆ ಅಪಾಯದಲ್ಲಿ ಸಿಕ್ಕಿಹಾಕಿಕೊಳ್ಳುವ ಕತೆ. 15 ದಾಟಿದವರಿಗೆ ಸರಿ. 'ಕಿರಗೂರಿನ ಗಯ್ಯಾಳಿಗಳು' ಕೊಟ್ಟರೆ ಬಿದ್ದು ಬಿದ್ದು ನಗುತ್ತಾಳೆ, ಆದರೆ ಅದರಲ್ಲಿ ಬೈಗುಳ ಧಾರಾಳವಾಗಿವೆ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಗಟ್ಟಿಯಾಗಿ ಓದಿಸುವ ಮುಂಚೆ ನೀವೊಮ್ಮೆ ನೋಡಿಕೊಳ್ಳಿ.

ಬರೀ ತೇಜಸ್ವಿ ಆಯಿತಲ್ಲ ಅಂತ ಬೈಯಬೇಡಿ. ಹುಡುಗಿಯರು ನನ್ನ ಹತ್ತಿರ ಬಂದು 'ಸಾರ್, ಹುಲಿ ಚಿರತೆ ಸಾಕು, ಮನುಷ್ಯರದು ಕೊಡಿ' ಅಂತ ಕೇಳಿದ್ದೂ ಉಂಟು. ಅವರಿಗೆ ನಾನು ತ್ರಿವೇಣಿಯವರ 'ಬೆಳ್ಳಿಮೋಡ' ಕೊಡುತ್ತೇನೆ. ಪುಟ್ಟಣ್ಣ ಕಣಗಾಲರು 1967ರಲ್ಲಿ ಸಿನಿಮಾ ಮಾಡಿದರಲ್ಲ, ಅದೇ ಕತೆ. ಇಂದಿರಾ ಒಬ್ಬಳೇ ಮಗಳು, ಆಸ್ತಿ ಎಲ್ಲ ಅವಳಿಗೇ ಅಂದುಕೊಂಡು ಮೋಹನ ಮದುವೆಗೆ ಒಪ್ಪಿರುತ್ತಾನೆ. ಅವಳಿಗೆ ತಮ್ಮ ಹುಟ್ಟಿದ ಮೇಲೆ ಅವನ ಮಾತು ಬದಲಾಗುತ್ತದೆ. ಆಮೇಲೆ ಅವನೇ ಕಾಲು ಮುರಿದುಕೊಂಡು ಬಿದ್ದಾಗ ಆರೈಕೆ ಮಾಡುವವಳು ಇಂದಿರಾ. ಕೊನೆಗೆ ಅವಳು ಏನು ಮಾಡಿದಳು ಅನ್ನುವುದರ ಮೇಲೆ ನಮ್ಮ 10ನೇ ಕ್ಲಾಸಿನಲ್ಲಿ ಎರಡು ಪಾರ್ಟಿ ಆಗಿ ಮೂರು ದಿನ ಜಗಳ ನಡೆಯಿತು. ಬರೆದು ಅಷ್ಟು ವರ್ಷ ಆದರೂ 14ರ ಹುಡುಗಿಗೆ ಅದು ಹಳೇ ಕತೆ ಅನ್ನಿಸುವುದಿಲ್ಲ. ಭಾಷೆ ಸರಳ, ವಾಕ್ಯ ಚಿಕ್ಕವು. ನಿಮ್ಮ ಮಗಳಿಗೆ ಓದಲು ಕಷ್ಟ ಆಗುವುದೇ ಇಲ್ಲ.

ಇನ್ನು ದೇವನೂರ ಮಹಾದೇವರ 'ಒಡಲಾಳ'. ಇದನ್ನು ನೀವೇ ಗಟ್ಟಿಯಾಗಿ ಓದಿ ಹೇಳಬೇಕು. ಮೈಸೂರು ಕಡೆಯ ಆಡುಮಾತು, ಕಣ್ಣಿಗೆ ತೊಡಕು, ಕಿವಿಗೆ ಬಿದ್ದ ತಕ್ಷಣ ಕರಗುತ್ತದೆ. ಸಾಕವ್ವನ ಮನೆಗೆ ಕದ್ದ ಕಡ್ಲೆಕಾಯಿ ಮೂಟೆ ಬರುವ ರಾತ್ರಿ ಇದೆಯಲ್ಲ, ಅದನ್ನು ನಾನು ಪ್ರತಿ ವರ್ಷ 9ನೇ ಕ್ಲಾಸಿಗೆ ಓದುತ್ತೇನೆ. ಹಸಿದ ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಸುಲಿಯುತ್ತಾ ತಿನ್ನುತ್ತಾ ಇಡೀ ಮೂಟೆ ಖಾಲಿ ಮಾಡುತ್ತಾರೆ. ಮಕ್ಕಳು ಮೊದಲು ನಗುತ್ತಾರೆ. ಪೊಲೀಸರು ಬರುವ ಹೊತ್ತಿಗೆ ಕ್ಲಾಸಿನಲ್ಲಿ ಸದ್ದೇ ಇರುವುದಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಮೆಲ್ಲಗೆ 'ಸಿಪ್ಪೆ ಏನ್ ಮಾಡಿದ್ರು ಸಾರ್?' ಅಂತ ಕೇಳಿದ್ದ. ಎಷ್ಟೋ ವಿಮರ್ಶೆ ಓದಿದ್ದೇನೆ, ಅಷ್ಟು ಗಮನ ಇಟ್ಟು ಕೇಳಿದ ಪ್ರಶ್ನೆ ಕಡಿಮೆ. ಪುಸ್ತಕ ಕೈಗೆ ಕೊಟ್ಟು 'ನೀನೇ ಹುಡುಕು' ಅಂದೆ.

ಈಚಿನ ಮಕ್ಕಳ ಕಾದಂಬರಿಗಳೂ ಇವೆ, ಅವನ್ನು ಮರೆಯಬಾರದು. ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಕನ್ನಡದಲ್ಲಿ ಸತತ ಮೂರು ವರ್ಷ ಕಾದಂಬರಿಗಳಿಗೇ ಬಂತು: 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ನನ್ನ ಲೆಕ್ಕದಲ್ಲಿ ಇವು 10ರಿಂದ 13ರವರಿಗೆ ಹೆಚ್ಚು ಹೊಂದುತ್ತವೆ. ನಿಮ್ಮ ಮಗಳು ಮತ್ತೆ 'ಪಾಪುನಾ' ಅಂದರೂ ಅನ್ನಬಹುದು. ಚಿಕ್ಕ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಅಂತ ತನ್ನಿ. ಇವಳು ಕದ್ದು ಓದುತ್ತಾಳೆ.

ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಕೂಡ ಅದೇ ಪುರಸ್ಕಾರ ಪಡೆದದ್ದು, 2011ರಲ್ಲಿ. ಡಿಸೋಜರು ಶರಾವತಿ ಯೋಜನೆಯ ಕಡೆ ಸರ್ಕಾರಿ ಕೆಲಸದಲ್ಲಿದ್ದವರು, ಹಿನ್ನೀರಲ್ಲಿ ಊರು ಮುಳುಗುವುದನ್ನು ಹತ್ತಿರದಿಂದ ನೋಡಿದವರು. ಜೋಗಕ್ಕೆ ಟ್ರಿಪ್ ಹೋಗುವ ಪ್ಲಾನ್ ಇದ್ದರೆ ಅದಕ್ಕೆ ಮುಂಚೆ ಇದನ್ನು ಕೊಡಿ. ಅವರದೇ 'ದ್ವೀಪ' ಒಂದೆರಡು ವರ್ಷ ಬಿಟ್ಟು ಓದಲಿ.

ಈಗ ನಾನು ಮಾಡಿದ ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಒಂದು ವರ್ಷ, ಪುಸ್ತಕ ತೆಗೆದುಕೊಂಡವರೆಲ್ಲ ಎರಡು ಪುಟ ಸಾರಾಂಶ ಬರೆದು ತರಬೇಕು ಅಂತ ರೂಲ್ಸ್ ಮಾಡಿದೆ. ಹೆಡ್‌ಮಾಸ್ಟರಿಗೆ ಬಹಳ ಸಂತೋಷ ಆಯಿತು. ದಸರಾ ರಜೆ ಮುಗಿಯುವ ಹೊತ್ತಿಗೆ ರಿಜಿಸ್ಟರಿನಲ್ಲಿ ಹೊಸ ಹೆಸರು ಬೀಳುವುದೇ ನಿಂತಿತ್ತು. ಬಂದ ಸಾರಾಂಶಗಳೂ ಅಷ್ಟೇ, ಎಂಟು ಜನರದು ಒಂದೇ ಅಕ್ಷರ ಬಿಡದೆ ಹಾಗೇ ಇದ್ದವು. ನೀವೂ ಮನೆಯಲ್ಲಿ 'ಏನು ಕಲಿತೆ, ನೀತಿ ಏನು' ಅಂತ ಕೇಳಬೇಡಿ. 'ಎಲ್ಲಿಗೆ ಬಂದ ನಿನ್ನ ಮಂದಣ್ಣ?' ಅಂತ ಕೇಳಿ.

ಮೊದಲ ಹತ್ತು ಪುಟ ನೀವು ಓದಿ ಹೇಳಿ, ರಾತ್ರಿ ಊಟ ಆದ ಮೇಲೆ. ಚಿರತೆ ಪೊದೆಯಿಂದ ತಲೆ ಹೊರಗೆ ಹಾಕಿದ ಜಾಗದಲ್ಲಿ ಪುಸ್ತಕ ಮುಚ್ಚಿ, ನಿದ್ದೆ ಬಂತು ಅಂತ ಹೇಳಿ ಎದ್ದು ಹೋಗಿ. ಪುಸ್ತಕ ಮಾತ್ರ ಅಲ್ಲೇ ಸೋಫಾ ಮೇಲೆ ಇರಲಿ. ಇದು ಮೋಸ ಅಂತ ನನಗೂ ಗೊತ್ತು, ಆದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದೇ ಪುಸ್ತಕಕ್ಕೆ ದುಡ್ಡು ಹಾಕುವುದಾದರೆ 'ಕರ್ವಾಲೋ' ತನ್ನಿ. ಎರಡಾದರೆ ಜೊತೆಗೆ 'ಬೆಳ್ಳಿಮೋಡ'. ಮೂರನೆಯದಕ್ಕೆ, ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡವರು ಮರುಭೂಮಿ, ಹಿಮಾಲಯ ದಾಟಿ ಇಂಡಿಯಾಕ್ಕೆ ನಡೆದು ಬರುವ 'ಮಹಾಪಲಾಯನ'. ಅದೂ ತೇಜಸ್ವಿಯವರ ಅನುವಾದವೇ. ಅದು ನಿಜವಾಗಿ ನಡೆದದ್ದೋ ಇಲ್ಲವೋ ಅಂತ ಜಗಳ ಇದೆ, ಅವಳೇ ಹುಡುಕಿಕೊಳ್ಳಲಿ. ನಮ್ಮ ಬೀರುವಿನ ಪ್ರತಿ ಕಳೆದ ಜೂನ್‌ನಿಂದ ಕಾಣುತ್ತಿಲ್ಲ. ರಿಜಿಸ್ಟರಿನಲ್ಲಿ ಯಾರ ಹೆಸರೂ ಇಲ್ಲ, ಯಾರೋ ಬರೆಯದೇ ಎತ್ತಿಕೊಂಡು ಹೋಗಿದ್ದಾರೆ. ನಾನೂ ವಿಚಾರಿಸಲು ಹೋಗಿಲ್ಲ.